ಬಾಡಿಗಿಂತ ಮೊದಲು ಲೆನ್ಸ್: ಕ್ಯಾಮೆರಾ ವ್ಯವಸ್ಥೆಗಳನ್ನು ತೂಗಿ ನೋಡಿದಾಗ

ಕ್ಯಾಮೆರಾ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಬಾಡಿಯನ್ನು, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವನ್ನು. ಎಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಚಿತ್ರ, ವಿಡಿಯೊ ಯಾವ ಗುಣಮಟ್ಟದ್ದು ಎಂಬ ಹೋಲಿಕೆಯಲ್ಲೇ ವಾರಗಳು ಕಳೆದುಹೋಗುತ್ತವೆ. ಲೆನ್ಸಿನ ವಿಚಾರ ತಲೆಗೆ ಬರುವ ಹೊತ್ತಿಗೆ ಬಾಡಿ ಮನೆಗೆ ಬಂದಿರುತ್ತದೆ, ಅದರ ಜೊತೆಗೆ ಒಂದು ಮೌಂಟ್ (ಲೆನ್ಸ್ ಬಾಡಿಗೆ ಕೂಡುವ ಕೊಂಡಿ) ಕೂಡ ತೀರ್ಮಾನವಾಗಿಬಿಟ್ಟಿರುತ್ತದೆ. ಈ ಕ್ರಮ ತಿರುವುಮುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈಗ ಮಾರುಕಟ್ಟೆಯಲ್ಲಿರುವ ಪ್ರಮುಖ ವ್ಯವಸ್ಥೆಗಳನ್ನು ಆ ದೃಷ್ಟಿಯಿಂದಲೇ ಇಲ್ಲಿ ಪರಿಶೀಲಿಸಿದ್ದೇನೆ.

ಬಾಡಿ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಅದರ ಸೆನ್ಸರ್, ಪ್ರೊಸೆಸರ್, ಫೋಕಸ್ ವಿಧಾನ ಎಲ್ಲವನ್ನೂ ಮುಂದಿನ ಮಾದರಿ ಹಿಂದಕ್ಕೆ ತಳ್ಳುತ್ತದೆ. ಒಳ್ಳೆಯ ಲೆನ್ಸ್ ಹಾಗಲ್ಲ. ನಿಕಾನ್ ತನ್ನ ಎಫ್ ಮೌಂಟ್ ಅನ್ನು 1959ರಲ್ಲಿ ತಂದಿತು. 2018ರಲ್ಲಿ ಝಡ್ ಮೌಂಟ್ ಬರುವವರೆಗೂ ಕಂಪನಿಯ ಮುಖ್ಯ ಕ್ಯಾಮೆರಾಗಳೆಲ್ಲ ಅದೇ ಮೌಂಟಿನ ಮೇಲೆ ನಿಂತಿದ್ದವು. ಕ್ಯಾನನ್ 1987ರಲ್ಲಿ ತಂದ ಇಎಫ್ ಮೌಂಟಿನ ಲೆನ್ಸ್‌ಗಳು ಇಂದಿಗೂ ಅಡಾಪ್ಟರ್ ಮೂಲಕ ಅದರ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಬಾಡಿಗಳ ಮೇಲೆ ಆಟೋಫೋಕಸ್ ಸಹಿತ ಕೆಲಸ ಮಾಡುತ್ತವೆ. ಇದಕ್ಕೆ ವಿರುದ್ಧವಾದ ಕಥೆಗಳೂ ಇವೆ. ಸ್ಯಾಮ್‌ಸಂಗ್ 2010ರಲ್ಲಿ ಎನ್‌ಎಕ್ಸ್ ಎಂಬ ಮೌಂಟ್ ತಂದು, ಅದಕ್ಕೆ ನಿಜಕ್ಕೂ ಒಳ್ಳೆಯ ಲೆನ್ಸ್‌ಗಳನ್ನು ಮಾಡಿ, ಕೆಲವೇ ವರ್ಷಗಳಲ್ಲಿ ಕ್ಯಾಮೆರಾ ವ್ಯವಹಾರದಿಂದಲೇ ಹೊರಬಂದಿತು. ನಿಕಾನ್ 1 ಸರಣಿ 2011ರಲ್ಲಿ ಹುಟ್ಟಿ 2018ರಲ್ಲಿ ಮುಗಿಯಿತು. ಕ್ಯಾನನ್‌ನ ಇಎಫ್-ಎಂ 2012ರಲ್ಲಿ ಆರಂಭವಾಗಿ, ಕಂಪನಿಯ ಹೊಸ ಮಿರರ್‌ಲೆಸ್ ಮೌಂಟಾದ ಆರ್‌ಎಫ್‌ನಲ್ಲಿ ಚಿಕ್ಕ ಸೆನ್ಸರ್‌ನ ಎಪಿಎಸ್-ಸಿ ಬಾಡಿಗಳು ಬಂದ ಮೇಲೆ ಸದ್ದಿಲ್ಲದೆ ನಿಂತುಹೋಯಿತು. ಆ ಲೆನ್ಸ್‌ಗಳನ್ನು ಆರ್‌ಎಫ್ ಬಾಡಿಗೆ ಜೋಡಿಸುವ ದಾರಿಯೂ ಇಲ್ಲ. ಆದ್ದರಿಂದ ಮೌಂಟ್ ಆರಿಸುವುದೆಂದರೆ, ಆ ಕಂಪನಿ ಮುಂದಿನ ಹತ್ತು ವರ್ಷ ಈ ಸಾಲಿನ ಲೆನ್ಸ್‌ಗಳನ್ನು ಮಾಡುತ್ತಲೇ ಇರುತ್ತದೆಯೇ ಎಂಬುದನ್ನು ಅಂದಾಜು ಮಾಡುವುದೂ ಹೌದು.

ಲೆನ್ಸಿನ ಮೌಲ್ಯ ಎಂದಾಗ ನಾನು ಬೆಲೆಯೊಂದನ್ನೇ ಹೇಳುತ್ತಿಲ್ಲ. ಕೊಟ್ಟ ಹಣಕ್ಕೆ, ಹೊತ್ತ ಭಾರಕ್ಕೆ ಪ್ರತಿಯಾಗಿ ಆ ಲೆನ್ಸ್ ಯಾವ ಚಿತ್ರವನ್ನು ಸಾಧ್ಯವಾಗಿಸುತ್ತದೆ, ಎಷ್ಟು ವರ್ಷ ಬಾಳುತ್ತದೆ, ಬೇಡವಾದಾಗ ಎಷ್ಟು ಹಣ ಮರಳಿಸುತ್ತದೆ ಎಂಬುದೆಲ್ಲ ಸೇರಿದಾಗ ಸಿಗುವ ಮೊತ್ತವದು. ಈ ಲೆಕ್ಕಕ್ಕೆ ಕೂರುವ ಮುನ್ನ ಸೆನ್ಸರ್ ಗಾತ್ರದ ಪ್ರಶ್ನೆಯನ್ನು ಬಿಡಿಸಿಕೊಳ್ಳಲೇಬೇಕು, ಏಕೆಂದರೆ ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದ ಫೋಕಲ್ ಲೆಂತ್ ಸಂಖ್ಯೆ (ಅದು ದೊಡ್ಡದಾದಷ್ಟೂ ನೋಟ ಕಿರಿದು) ಎಲ್ಲ ಬಾಡಿಗಳಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ಫುಲ್ ಫ್ರೇಮ್ ಸೆನ್ಸರ್ ಅಗಲ 36, ಎತ್ತರ 24 ಮಿ.ಮೀ. ಇರುತ್ತದೆ. ಎಪಿಎಸ್-ಸಿ ಸೆನ್ಸರ್‌ನಲ್ಲಿ ನೋಟದ ಕೋನ ಸುಮಾರು ಒಂದೂವರೆ ಪಟ್ಟು ಕಿರಿದಾಗುತ್ತದೆ, ಕ್ಯಾನನ್‌ನಲ್ಲಿ 1.6 ಪಟ್ಟು, 17.3 ಮಿ.ಮೀ. ಅಗಲ, 13 ಮಿ.ಮೀ. ಎತ್ತರದ ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ ಎರಡು ಪಟ್ಟು. ಹಾಗಾಗಿ 25 ಮಿ.ಮೀ. ಮೈಕ್ರೊ ಫೋರ್ ಥರ್ಡ್ಸ್ ಲೆನ್ಸ್ ತೋರಿಸುವ ನೋಟ ಫುಲ್ ಫ್ರೇಮ್‌ನ 50 ಮಿ.ಮೀ. ಲೆನ್ಸಿನದು.

ಇಲ್ಲಿಯವರೆಗಿನದು ಬಹಳ ಜನರಿಗೆ ಗೊತ್ತು. ಅಪರ್ಚರ್‌ಗೂ (ಲೆನ್ಸಿನೊಳಗೆ ಬೆಳಕು ಹಾಯುವ ತೆರಪು; ಎಫ್/ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಇದೇ ಲೆಕ್ಕವನ್ನು ಅನ್ವಯಿಸಬೇಕು ಎಂಬುದನ್ನು ಮಾತ್ರ ಮಾರಾಟದ ಕಾಗದಗಳು ಹೇಳುವುದಿಲ್ಲ. ಮೈಕ್ರೊ ಫೋರ್ ಥರ್ಡ್ಸ್‌ನ ಎಫ್/1.8 ಲೆನ್ಸ್, ಎಕ್ಸ್‌ಪೋಷರ್ (ಚಿತ್ರದ ಹೊಳಪು) ಲೆಕ್ಕದಲ್ಲಿ ಎಫ್/1.8 ಆಗಿಯೇ ಇರುತ್ತದೆ. ಆದರೆ ಹಿನ್ನೆಲೆ ಎಷ್ಟು ಮಸುಕಾಗುತ್ತದೆ, ಸೆನ್ಸರ್ ಮೇಲೆ ಒಟ್ಟು ಎಷ್ಟು ಬೆಳಕು ಬೀಳುತ್ತದೆ ಎಂಬ ವಿಷಯದಲ್ಲಿ ಅದು ಫುಲ್ ಫ್ರೇಮ್‌ನ ಎಫ್/3.6ಕ್ಕೆ ಸಮ. ಕಾರಣ ಸರಳ: ಫುಲ್ ಫ್ರೇಮ್‌ನ ವಿಸ್ತೀರ್ಣ 864 ಚದರ ಮಿ.ಮೀ., ಚಿಕ್ಕದರದು ಸುಮಾರು 225. ಹೆಚ್ಚುಕಡಿಮೆ ನಾಲ್ಕನೆಯ ಒಂದು ಭಾಗ. ಈ ಸಮೀಕರಣ ಚಿಕ್ಕ ಸೆನ್ಸರ್ ಅನ್ನು ಹೀಗಳೆಯುವುದಕ್ಕಲ್ಲ. ಅದು ಎರಡೂ ಕಡೆಗೆ ಕತ್ತರಿಸುತ್ತದೆ. ಫ್ಯೂಜಿಫಿಲ್ಮ್‌ನ ಹೊಸ 16-55 ಮಿ.ಮೀ. ಎಫ್/2.8 ಝೂಮ್ 410 ಗ್ರಾಂ ತೂಗುತ್ತದೆ; ನೋಟದಲ್ಲೂ ಮಸುಕಿನಲ್ಲೂ ಅದು ಫುಲ್ ಫ್ರೇಮ್‌ನ 24-83 ಮಿ.ಮೀ. ಎಫ್/4.2 ಲೆನ್ಸಿಗೆ ಹತ್ತಿರ. ನಿಕಾನ್‌ನ 24-120 ಮಿ.ಮೀ. ಎಫ್/4 ತೂಗುವುದು 630 ಗ್ರಾಂ. ಎರಡೂ ಹೆಚ್ಚುಕಡಿಮೆ ಒಂದೇ ಬಗೆಯ ಚಿತ್ರ ಕೊಡುತ್ತವೆ. ಒಂದರಲ್ಲಿ ಭಾರ ಕಡಿಮೆ, ಇನ್ನೊಂದರಲ್ಲಿ ದೂರದ ತುದಿ ಉದ್ದ. ಫುಲ್ ಫ್ರೇಮ್ ಬಾಡಿ ಕೊಂಡು ಅದಕ್ಕೆ ಬಾಡಿಯ ಜೊತೆಗೇ ಬರುವ, ಮಂದ ಅಪರ್ಚರ್‌ನ ಕಿಟ್ ಝೂಮ್ ಒಂದನ್ನೇ ಹಾಕಿಕೊಂಡು ಓಡಾಡುವವರು, ಎಪಿಎಸ್-ಸಿ ಬಾಡಿಗೆ ಒಳ್ಳೆಯ ಎಫ್/2.8 ಝೂಮ್ ಹಾಕಿಕೊಂಡವರಿಗಿಂತ ಮುಂದಿದ್ದಾರೆ ಎಂದು ಹೇಳಲಾಗದು. ಎಷ್ಟೋ ಸಲ ಹಿಂದೆಯೇ ಇರುತ್ತಾರೆ.

ಬೆಲೆ ಮತ್ತು ಭಾರ ಏರುವ ರೀತಿಯನ್ನೂ ಗಮನಿಸಬೇಕು. ನಿಕಾನ್ ಝಡ್ ಸರಣಿಯ 50 ಮಿ.ಮೀ. ಎಫ್/1.8 ಎಸ್ ಲೆನ್ಸ್ 415 ಗ್ರಾಂ ಇದ್ದರೆ, ಅದೇ ಸಾಲಿನ ಎಫ್/1.2 ಎಸ್ 1,090 ಗ್ರಾಂ. ಕ್ಯಾನನ್ ಆರ್‌ಎಫ್‌ನಲ್ಲಿ ಈ ಅಂತರ ಇನ್ನೂ ದೊಡ್ಡದು: 50 ಮಿ.ಮೀ. ಎಫ್/1.8 ಕೇವಲ 160 ಗ್ರಾಂ, ಎಫ್/1.2 ಆದರೋ 950 ಗ್ರಾಂ. ಈ ಎರಡು ಅಪರ್ಚರ್‌ಗಳ ನಡುವೆ ಬೆಳಕಿನ ವ್ಯತ್ಯಾಸ ಒಂದು ಸ್ಟಾಪ್‌ಗಿಂತ (ಬೆಳಕು ಇಮ್ಮಡಿಯಾಗುವ ಒಂದು ಹಂತ) ತುಸು ಹೆಚ್ಚು, ಅಷ್ಟೆ. ಮದುವೆಯ ಮಂಟಪದಲ್ಲೋ ರಂಗಮಂದಿರದಲ್ಲೋ ವೃತ್ತಿಯಾಗಿ ದುಡಿಯುವವರಿಗೆ ಆ ಒಂದು ಸ್ಟಾಪ್, ಆ ಮಸುಕಿನ ಮೃದುತ್ವ ಬೆಲೆಯುಳ್ಳದ್ದೇ. ಉಳಿದವರು ಎಫ್/1.8 ಅಥವಾ ಎಫ್/2 ಪ್ರೈಮ್‌ಗಳ (ಝೂಮ್ ಇಲ್ಲದ ಲೆನ್ಸ್‌ಗಳ) ಸಾಲನ್ನೇ ವ್ಯವಸ್ಥೆಯ ನಿಜವಾದ ಅಳತೆಗೋಲಾಗಿ ಇಟ್ಟುಕೊಳ್ಳಲಿ. ಕಂಪನಿಯೊಂದು ತನ್ನ ತುದಿಯ ಲೆನ್ಸ್‌ಗಳನ್ನು ಹೇಗೆ ಮಾಡಿದೆ ಎಂಬುದಕ್ಕಿಂತ ನಡುವಿನ ಸಾಲನ್ನು ಎಷ್ಟು ಶ್ರದ್ಧೆಯಿಂದ ಮಾಡಿದೆ ಎಂಬುದೇ ಸಾಮಾನ್ಯ ಕೊಳ್ಳುಗನಿಗೆ ಮುಖ್ಯ.

ಹಾಗೆಂದು ಬಾಡಿಯ ಸೌಲಭ್ಯಗಳು ಲೆಕ್ಕಕ್ಕಿಲ್ಲ ಎಂದಲ್ಲ. ಅವುಗಳಲ್ಲಿ ಕೆಲವು ಲೆನ್ಸಿನ ಮೌಲ್ಯವನ್ನೇ ಬದಲಿಸುತ್ತವೆ, ಉಳಿದವು ಬದಲಿಸುವುದಿಲ್ಲ. ಮೊದಲನೆಯ ಗುಂಪಿಗೆ ಹೆಚ್ಚು ಗಮನ ಕೊಡಬೇಕು. ಆ ಗುಂಪಿನಲ್ಲಿ ಮೊದಲನೆಯದು ಬಾಡಿಯೊಳಗಿನ ಸ್ಟೆಬಿಲೈಸೇಷನ್. ಸೆನ್ಸರ್ ತಾನೇ ಅಲುಗಾಡಿ ಕೈನಡುಕವನ್ನು ಸರಿದೂಗಿಸುವ ಈ ವ್ಯವಸ್ಥೆ ಇದ್ದರೆ, ನಿಮ್ಮಲ್ಲಿರುವ ಪ್ರತಿಯೊಂದು ಪ್ರೈಮ್ ಲೆನ್ಸ್‌ಗೂ, ಅಡಾಪ್ಟರ್ ಮೂಲಕ ಹಾಕಿದ ಹಳೆಯ ಮ್ಯಾನ್ಯುಯಲ್ ಲೆನ್ಸ್‌ಗೂ ಒಂದೇ ಏಟಿಗೆ ಸ್ಟೆಬಿಲೈಸೇಷನ್ ಸಿಕ್ಕಂತಾಯಿತು. ಮಂದ ಬೆಳಕಿನಲ್ಲಿ ನಿಶ್ಚಲ ವಸ್ತುಗಳ ಚಿತ್ರಕ್ಕೆ ಇದು ಹಲವು ಸ್ಟಾಪ್‌ಗಳ ಲಾಭ ತರುತ್ತದೆ. ಓಡುವ ಮಗುವನ್ನಾಗಲಿ ಹಾರುವ ಹಕ್ಕಿಯನ್ನಾಗಲಿ ಅದು ನಿಲ್ಲಿಸುವುದಿಲ್ಲ. ಅಲ್ಲಿ ಬೇಕಾಗಿರುವುದು ವೇಗದ ಶಟರ್, ಅಂದರೆ ದೊಡ್ಡ ಅಪರ್ಚರ್ ಅಥವಾ ದೊಡ್ಡ ಸೆನ್ಸರ್. ದೂರದ್ದನ್ನು ಹತ್ತಿರ ತೋರಿಸುವ ಉದ್ದ ಟೆಲಿ ಲೆನ್ಸ್‌ಗಳಲ್ಲಿ ಲೆನ್ಸಿನೊಳಗಿನ ಸ್ಟೆಬಿಲೈಸೇಷನ್ನೇ ಹೆಚ್ಚು ಪರಿಣಾಮಕಾರಿ ಎಂಬುದನ್ನೂ ಮರೆಯಬಾರದು. ಕೆಳಹಂತದ ಎಪಿಎಸ್-ಸಿ ಬಾಡಿಗಳಲ್ಲಿ ಈ ಸೌಲಭ್ಯವನ್ನು ಬಿಟ್ಟಿರುವುದು ಸಾಮಾನ್ಯ: ಕ್ಯಾನನ್ ಆರ್7ರಲ್ಲಿ ಇದೆ, ಆರ್10 ಮತ್ತು ಆರ್50ರಲ್ಲಿ ಇಲ್ಲ, ಸೋನಿ ಎ6700ರಲ್ಲಿ ಇದೆ, ಎ6400ರಲ್ಲಿ ಇಲ್ಲ, ನಿಕಾನ್ ಝಡ್50 ಎರಡನೆಯ ಆವೃತ್ತಿಯಲ್ಲೂ ಇಲ್ಲ. ಇಂಥ ಬಾಡಿ ಕೊಂಡವರು ಸ್ಟೆಬಿಲೈಸೇಷನ್ ಇರುವ ಲೆನ್ಸ್‌ಗಳನ್ನೇ ಹುಡುಕಬೇಕಾಗುತ್ತದೆ, ಆಯ್ಕೆ ಅಷ್ಟರಮಟ್ಟಿಗೆ ಕಿರಿದಾಗುತ್ತದೆ.

ಎರಡನೆಯದು ಆಟೋಫೋಕಸ್‌ನ ಬುದ್ಧಿವಂತಿಕೆ. ಕಣ್ಣು, ಮುಖ, ಪ್ರಾಣಿ, ಹಕ್ಕಿಗಳನ್ನು ಗುರುತಿಸಿ ಬೆನ್ನಟ್ಟುವ ಬಾಡಿಯಲ್ಲಿ ಎಫ್/1.8 ಲೆನ್ಸನ್ನು ಪೂರ್ತಿ ತೆರೆದು ಧೈರ್ಯವಾಗಿ ಬಳಸಬಹುದು. ಹಾಗಲ್ಲದ ಬಾಡಿಯಲ್ಲಿ ಅದೇ ಲೆನ್ಸನ್ನು ಎಫ್/2.8ಕ್ಕೆ ಕಿರಿದಾಗಿಸಿ ಸುರಕ್ಷಿತವಾಗಿರಬೇಕಾಗುತ್ತದೆ. ಅಂದರೆ ಕೊಟ್ಟ ಹಣದ ಒಂದು ಭಾಗ ಬಳಕೆಗೇ ಬರುವುದಿಲ್ಲ. ಮೆಗಾಪಿಕ್ಸೆಲ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಫ್ಯೂಜಿಫಿಲ್ಮ್ 2022ರಲ್ಲಿ 40 ಮೆಗಾಪಿಕ್ಸೆಲ್ ಸೆನ್ಸರ್ ತಂದಾಗ, ಅದರ ಸಾಮರ್ಥ್ಯವನ್ನು ಪೂರ್ಣವಾಗಿ ಬಳಸಬಲ್ಲ ಲೆನ್ಸ್‌ಗಳ ಪಟ್ಟಿಯೊಂದನ್ನು ತಾನೇ ಪ್ರಕಟಿಸಿತು. ಸೆನ್ಸರ್ ಸೂಕ್ಷ್ಮವಾದಷ್ಟೂ ಲೆನ್ಸಿನ ಕೊರತೆ ಬಯಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ದೊಡ್ಡ ಮುದ್ರಣ ಮಾಡದವರಿಗೆ, ಬಿಗಿಯಾಗಿ ಕ್ರಾಪ್ ಮಾಡದವರಿಗೆ 24 ಮೆಗಾಪಿಕ್ಸೆಲ್ ಸಾಕು, ಉಳಿದ ಹಣ ಲೆನ್ಸಿಗೆ ಹೋಗಲಿ.

ವ್ಯವಸ್ಥೆಗಳ ಪೈಕಿ ಸೋನಿಯ ಇ ಮೌಂಟ್ ಅನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಲೆನ್ಸ್ ಮೌಲ್ಯದ ಚರ್ಚೆಯಲ್ಲಿ ಉಳಿದವರನ್ನು ಅಳೆಯುವುದು ಇದರ ಎದುರಿಗೇ. 2010ರಲ್ಲಿ ಬಂದ ಈ ಮೌಂಟಿನ ಮೂಲ ತಾಂತ್ರಿಕ ವಿವರಗಳನ್ನು ಸೋನಿ 2011ರಲ್ಲೇ ಇತರ ತಯಾರಕರಿಗೆ ತೆರೆಯಿತು. ಆ ಒಂದು ನಿರ್ಧಾರದ ಫಲವನ್ನು ಇಂದಿನ ಕೊಳ್ಳುಗರು ಉಣ್ಣುತ್ತಿದ್ದಾರೆ. ಟ್ಯಾಮ್ರಾನ್ 2018ರಲ್ಲಿ ತಂದ 28-75 ಮಿ.ಮೀ. ಎಫ್/2.8 ಝೂಮ್ 550 ಗ್ರಾಂ ಇತ್ತು. ಆಗಿನ ಸೋನಿಯ ಸ್ವಂತ 24-70 ಮಿ.ಮೀ. ಎಫ್/2.8 ಜಿ ಮಾಸ್ಟರ್ 886 ಗ್ರಾಂ. ಬೆಲೆಯಲ್ಲಂತೂ ಎರಡಕ್ಕೂ ಹೋಲಿಕೆಯೇ ಇರಲಿಲ್ಲ. ಸಿಗ್ಮಾದ 28-70 ಮಿ.ಮೀ. ಎಫ್/2.8 ಇನ್ನೂ ಹಗುರ. ಈ ಒತ್ತಡ ಸೋನಿಯ ಮೇಲೂ ಬಿದ್ದಿರಲೇಬೇಕು: 2022ರ ಎರಡನೆಯ ಆವೃತ್ತಿಯ ಜಿ ಮಾಸ್ಟರ್ 695 ಗ್ರಾಂಗೆ ಇಳಿಯಿತು. ಹೀಗೆ ಒಂದೇ ಕೆಲಸಕ್ಕೆ ಮೂರು ನಾಲ್ಕು ದರ್ಜೆಯ ಲೆನ್ಸ್‌ಗಳು, ಮೂರು ನಾಲ್ಕು ಕಂಪನಿಗಳಿಂದ, ಹೊಸದಾಗಿಯೂ ಬಳಸಿದ್ದಾಗಿಯೂ ಸಿಗುವ ಅನುಕೂಲ ಬೇರೆ ಯಾವ ಮಿರರ್‌ಲೆಸ್ ವ್ಯವಸ್ಥೆಯಲ್ಲೂ ಈ ಮಟ್ಟಿಗೆ ಇಲ್ಲ. ಎಪಿಎಸ್-ಸಿ ಬಾಡಿಯಿಂದ ಆರಂಭಿಸುವವರಿಗೆ ಸಿಗ್ಮಾದ 18-50 ಮಿ.ಮೀ. ಎಫ್/2.8 ಒಂದು ವರವೇ ಸರಿ. 300 ಗ್ರಾಂ ಕೂಡ ಇಲ್ಲದ ಲೆನ್ಸಿನಲ್ಲಿ ಸ್ಥಿರ ಎಫ್/2.8 ಸಿಗುವುದು ಕೆಲ ವರ್ಷಗಳ ಹಿಂದೆ ಊಹಿಸಲೂ ಆಗುತ್ತಿರಲಿಲ್ಲ.

ಈ ಮೌಂಟಿನ ಮಿತಿಗಳನ್ನೂ ಕೊಳ್ಳುವ ಮೊದಲೇ ತಿಳಿದಿರಬೇಕು. ಸೋನಿಯ ವೇಗದ ಬಾಡಿಗಳಲ್ಲಿ ಇತರ ಕಂಪನಿಗಳ ಲೆನ್ಸ್ ಹಾಕಿದರೆ ಬರ್ಸ್ಟ್ (ಒಂದೇ ಸಮನೆ ಚಿತ್ರ ತೆಗೆಯುವ) ವೇಗ ಸೆಕೆಂಡಿಗೆ 15 ಚಿತ್ರಗಳಿಗೆ ಸೀಮಿತವಾಗುತ್ತದೆ. ಲೆನ್ಸ್ ಮತ್ತು ಬಾಡಿಯ ನಡುವೆ ಹಾಕಿ ನೋಟವನ್ನು ಹತ್ತಿರ ತರುವ ಸೋನಿಯ ಟೆಲಿಕನ್ವರ್ಟರ್‌ಗಳೂ ಆ ಲೆನ್ಸ್‌ಗಳ ಜೊತೆ ಕೂಡುವುದಿಲ್ಲ. ಕುಟುಂಬದ, ಪ್ರವಾಸದ, ಸಮಾರಂಭದ ಚಿತ್ರಗಳಿಗೆ ಇದು ಅಡ್ಡಿಯೇ ಅಲ್ಲ. ಕ್ರೀಡೆ ಮತ್ತು ಹಕ್ಕಿಗಳ ಬೆನ್ನು ಹತ್ತಿದವರಿಗೆ ಅಡ್ಡಿ. ಅವರಿಗೆ ಸೋನಿಯ ಸ್ವಂತ 200-600 ಮಿ.ಮೀ. ಎಫ್/5.6-6.3 ಸರಿಯಾದ ದಾರಿ. ಝೂಮ್ ಮಾಡುವಾಗ ಉದ್ದ ಬದಲಾಗದ, 2,115 ಗ್ರಾಂ ತೂಕದ ಈ ಲೆನ್ಸ್ ತನ್ನ ವರ್ಗದಲ್ಲಿ ಕೊಟ್ಟ ಹಣಕ್ಕೆ ನ್ಯಾಯ ಸಲ್ಲಿಸುತ್ತದೆ. ಇನ್ನೊಂದು ಮಾತು: 28 ಮಿ.ಮೀ.ನಿಂದ ಆರಂಭವಾಗುವ ಹಗುರ ಝೂಮ್‌ಗಳ ನೋಟದ ಕೋನ ಕರ್ಣದಲ್ಲಿ 75 ಡಿಗ್ರಿ, 24 ಮಿ.ಮೀ.ನದು 84. ಸಣ್ಣ ಕೋಣೆಯಲ್ಲಿ, ಎತ್ತರದ ಗೋಪುರದ ಬುಡದಲ್ಲಿ ನಿಂತಾಗ ಆ ಒಂಬತ್ತು ಡಿಗ್ರಿ ಕೈಕೊಡುತ್ತದೆ. ಹಾಗಾಗಿ ಉಳಿಸಿದ ಹಣದಲ್ಲಿ ಒಂದು ಅಗಲ ಪ್ರೈಮ್ ಕೊಳ್ಳಬೇಕಾಗಬಹುದು ಎಂಬುದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನಿಕಾನ್ ಝಡ್ ವ್ಯವಸ್ಥೆಯ ಬಗ್ಗೆ ನನಗೆ ವಿಶೇಷ ಗೌರವವಿದೆ, ಅದಕ್ಕೆ ಕಾರಣ ಅದರ ನಡುಸಾಲಿನ ಲೆನ್ಸ್‌ಗಳು. ಮೌಂಟಿನ ಒಳವ್ಯಾಸ 55 ಮಿ.ಮೀ.; ಮೌಂಟಿನಿಂದ ಸೆನ್ಸರಿಗೆ ಇರುವ ದೂರ 16 ಮಿ.ಮೀ. ಮಾತ್ರ. ಹಳೆಯ ಎಫ್ ಮೌಂಟ್‌ನಲ್ಲಿ ಆ ದೂರ 46.5 ಮಿ.ಮೀ. ಇತ್ತು. ಹಿಂಭಾಗದ ಗಾಜನ್ನು ದೊಡ್ಡದಾಗಿಸಿ ಸೆನ್ಸರ್‌ಗೆ ಹತ್ತಿರ ತರಲು ಸಾಧ್ಯವಾದುದರಿಂದ ವಿನ್ಯಾಸಕಾರರಿಗೆ ಕೈಕಾಲು ಆಡಿಸಲು ಜಾಗ ಸಿಕ್ಕಿತು. 20, 24, 35, 50, 85 ಮಿ.ಮೀ. ಎಫ್/1.8 ಎಸ್ ಪ್ರೈಮ್‌ಗಳಲ್ಲಿ ಅದರ ಫಲ ಕಾಣುತ್ತದೆ. ಪೂರ್ತಿ ತೆರೆದಾಗಲೂ ಮೂಲೆಗಳವರೆಗೆ ಸ್ಪಷ್ಟತೆ, ಧೂಳು ಮತ್ತು ಹನಿಗಳಿಂದ ರಕ್ಷಣೆ, ಒಂದೇ ಬಗೆಯ ಬಣ್ಣ. ಗಾತ್ರ ಮಾತ್ರ ಎಫ್/1.8 ಲೆನ್ಸ್‌ಗಳಿಗೆ ತುಸು ದೊಡ್ಡದಾಯಿತು ಎನ್ನಬೇಕು; ಹಗುರ ಬೇಕೆನ್ನುವವರಿಗೆ 170 ಗ್ರಾಂನ 40 ಮಿ.ಮೀ. ಎಫ್/2 ಇದೆ, ಅದೂ ಒಳ್ಳೆಯದೇ.

ಉದ್ದ ಲೆನ್ಸ್‌ಗಳಲ್ಲಿ ನಿಕಾನ್ ಮಾಡಿರುವ ಕೆಲಸ ಇನ್ನೂ ದೊಡ್ಡದು. ಹಕ್ಕಿಗಳ ಚಿತ್ರ ತೆಗೆಯುವವರ ಮುಂದೆ ಬಹುಕಾಲ ಎರಡೇ ದಾರಿಗಳಿದ್ದವು: ಕೈಗೆಟಕುವ ಝೂಮ್, ಇಲ್ಲವೇ ಮೋಟಾರ್ ಬೈಕಿನ ಬೆಲೆಯನ್ನೂ ಮೀರುವ ಎಫ್/4 ಪ್ರೈಮ್. ನಿಕಾನ್ ಈ ನಡುವಿನ ಕಂದಕಕ್ಕೆ ಸೇತುವೆ ಕಟ್ಟಿತು. 2022ರಲ್ಲಿ 400 ಮಿ.ಮೀ. ಎಫ್/4.5, 2023ರಲ್ಲಿ 600 ಮಿ.ಮೀ. ಎಫ್/6.3 ಬಂದವು. ಎರಡನೆಯದರಲ್ಲಿ ಫೇಸ್ ಫ್ರೆನೆಲ್ ಎಂಬ ವಿಶೇಷ ಗಾಜು ಬಳಸಿ ಉದ್ದವನ್ನೂ ತೂಕವನ್ನೂ ತಗ್ಗಿಸಿದ್ದಾರೆ. ಟ್ರೈಪಾಡ್ ಕಾಲರ್ ಸೇರಿ 1,470 ಗ್ರಾಂ. ಅದೇ ಕಂಪನಿಯ 600 ಮಿ.ಮೀ. ಎಫ್/4 ಲೆನ್ಸ್ 3,260 ಗ್ರಾಂ. ಸುಮಾರು 1.3 ಸ್ಟಾಪ್‌ನಷ್ಟು ಬೆಳಕು ಬಿಟ್ಟುಕೊಟ್ಟು ಅರ್ಧಕ್ಕಿಂತಲೂ ಹೆಚ್ಚು ಭಾರ ಇಳಿಸಿಕೊಳ್ಳುವ ಈ ವಿನಿಮಯ, ಇಡೀ ದಿನ ಕೈಯಲ್ಲಿ ಹಿಡಿದು ನಡೆಯುವವರಿಗೆ ನನ್ನ ದೃಷ್ಟಿಯಲ್ಲಿ ಇಂದಿನ ಟೆಲಿ ಲೆನ್ಸ್‌ಗಳಲ್ಲೇ ಅತ್ಯಂತ ವಿವೇಕದ್ದು. ಅಷ್ಟು ಹಣ ಹೂಡಲಾಗದವರಿಗೆ 180-600 ಮಿ.ಮೀ. ಝೂಮ್ ಇದೆ. ಎಪಿಎಸ್-ಸಿ ಕಡೆಗೆ ಮಾತ್ರ ನಿಕಾನ್ ಅಷ್ಟು ಮನಸ್ಸು ಕೊಟ್ಟಿಲ್ಲ. ಆ ಗಾತ್ರಕ್ಕೆಂದೇ ಮಾಡಿದ ಸ್ವಂತ ಲೆನ್ಸ್‌ಗಳು ಕೆಲವೇ. 2023ರಲ್ಲಿ ಸಿಗ್ಮಾ ತನ್ನ 16, 30, 56 ಮಿ.ಮೀ. ಎಫ್/1.4 ಲೆನ್ಸ್‌ಗಳನ್ನು ಈ ಮೌಂಟಿಗೆ ತಂದ ಮೇಲೆ ಸ್ಥಿತಿ ಒಂದಿಷ್ಟು ಸುಧಾರಿಸಿದೆ.

ಕ್ಯಾನನ್ ಆರ್‌ಎಫ್ ಲೆನ್ಸ್ ಸಾಲಿನ ಎರಡು ತುದಿಗಳೂ ಬಲವಾಗಿವೆ, ನಡುಭಾಗ ತೆಳುವಾಗಿದೆ. ಮೇಲ್ತುದಿಯ ಎಲ್ ಸರಣಿಯ ಬಗ್ಗೆ ಹೇಳಬೇಕಾದ್ದೇನೂ ಇಲ್ಲ. ಅವು ಶ್ರೇಷ್ಠವಾದವು, ದುಬಾರಿಯಾದವು. ಕೆಳತುದಿಯಲ್ಲಿ ಕ್ಯಾನನ್ ತೋರಿದ ಧೈರ್ಯ ಮೆಚ್ಚತಕ್ಕದ್ದು. 635 ಗ್ರಾಂನ 100-400 ಮಿ.ಮೀ. ಝೂಮ್, ಎಫ್/11 ಸ್ಥಿರ ಅಪರ್ಚರ್‌ನ 600 ಮತ್ತು 800 ಮಿ.ಮೀ. ಲೆನ್ಸ್‌ಗಳನ್ನು ಬೇರೆ ಯಾರೂ ಮಾಡಲು ಮುಂದಾಗಿರಲಿಲ್ಲ. ಬೆಳಗಿನ ಒಳ್ಳೆಯ ಬಿಸಿಲಿನಲ್ಲಿ ಇವು ದೂರದ ಹಕ್ಕಿಯನ್ನು ಸಾಮಾನ್ಯರ ಕೈಗೆ ತಂದುಕೊಡುತ್ತವೆ. ಮೋಡ ಕವಿದಾಗ, ಕಾಡಿನ ನೆರಳಿನಲ್ಲಿ ಎಫ್/11 ಕಷ್ಟ, ಜೊತೆಗೆ ಹಲವು ಬಾಡಿಗಳಲ್ಲಿ ಈ ಲೆನ್ಸ್‌ಗಳು ಚೌಕಟ್ಟಿನ ನಡುಭಾಗದಲ್ಲಿ ಮಾತ್ರ ಫೋಕಸ್ ಮಾಡುತ್ತವೆ. 35 ಮಿ.ಮೀ. ಎಫ್/1.8 ಮತ್ತು 85 ಮಿ.ಮೀ. ಎಫ್/2 ಲೆನ್ಸ್‌ಗಳನ್ನು ನಾನು ಒತ್ತಿ ಶಿಫಾರಸು ಮಾಡುತ್ತೇನೆ: ಎರಡರಲ್ಲೂ ಸ್ಟೆಬಿಲೈಸೇಷನ್ ಇದೆ, ಎರಡೂ ವಸ್ತುವಿನ ನಿಜಗಾತ್ರದ ಅರ್ಧದಷ್ಟು ಹತ್ತಿರದ ಚಿತ್ರ ಕೊಡುತ್ತವೆ, ಹಾಗಾಗಿ ಒಂದೇ ಲೆನ್ಸ್ ಭಾವಚಿತ್ರಕ್ಕೂ ಹೂವಿಗೂ ಒದಗುತ್ತದೆ. ಇತರ ಕಂಪನಿಗಳ ಆಟೋಫೋಕಸ್ ಲೆನ್ಸ್‌ಗಳಿಗೆ ಕ್ಯಾನನ್ ಬಹುಕಾಲ ಬಾಗಿಲು ಮುಚ್ಚಿತ್ತು. 2024ರಲ್ಲಿ ಸಿಗ್ಮಾ ಮತ್ತು ಟ್ಯಾಮ್ರಾನ್‌ಗೆ ಅದನ್ನು ತೆರೆದಾಗಲೂ ಮೊದಲು ಬಂದದ್ದು ಎಪಿಎಸ್-ಸಿ ಲೆನ್ಸ್‌ಗಳು ಮಾತ್ರ. ಆರ್10, ಆರ್50, ಆರ್7 ಬಾಡಿಗಳ ಮೌಲ್ಯ ಆ ಒಂದೇ ಹೆಜ್ಜೆಯಿಂದ ಏರಿತು.

ನಡುಸಾಲಿನ ಕೊರತೆಯನ್ನು ತುಂಬುವುದು ಹಳೆಯ ಇಎಫ್ ಲೆನ್ಸ್‌ಗಳು. ಮೊದಲಿನಿಂದಲೂ ಪೂರ್ಣವಾಗಿ ವಿದ್ಯುನ್ಮಾನ ಸಂಪರ್ಕವನ್ನೇ ನೆಚ್ಚಿದ್ದ ಮೌಂಟ್ ಆದುದರಿಂದ, ಗಾಜಿಲ್ಲದ ಸರಳ ಅಡಾಪ್ಟರ್ ಸಾಕು; ಎಷ್ಟೋ ಲೆನ್ಸ್‌ಗಳು ಮಿರರ್‌ಲೆಸ್ ಬಾಡಿಯಲ್ಲಿ ಮೊದಲಿಗಿಂತ ನಿಖರವಾಗಿ ಫೋಕಸ್ ಮಾಡುತ್ತವೆ, ಏಕೆಂದರೆ ಅಳತೆ ನಡೆಯುವುದು ಸೆನ್ಸರ್ ಮೇಲೆಯೇ. ನಿಕಾನ್‌ನಲ್ಲಿ ಈ ದಾರಿ ಅಷ್ಟು ಸಲೀಸಲ್ಲ: ಅದರ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಫೋಕಸ್ ಮೋಟಾರ್ ಇಲ್ಲದ ಕಾರಣ, ಬಾಡಿಯ ಮೋಟಾರನ್ನೇ ನಂಬಿದ್ದ ಹಳೆಯ ಎಎಫ್-ಡಿ ಲೆನ್ಸ್‌ಗಳನ್ನು ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಮನೆಯಲ್ಲಿ ಹಳೆಯ ಲೆನ್ಸ್‌ಗಳ ಸಂಗ್ರಹ ಇರುವವರು ಪ್ರತಿಯೊಂದರ ಹೆಸರನ್ನು ಈ ದೃಷ್ಟಿಯಿಂದ ಓದಿ ನೋಡಿಕೊಂಡ ಮೇಲೆಯೇ ಬಾಡಿ ಆರಿಸಬೇಕು.

ಫ್ಯೂಜಿಫಿಲ್ಮ್ ಎಕ್ಸ್ ವ್ಯವಸ್ಥೆಯ ಶಕ್ತಿ ಒಂದೇ ವಾಕ್ಯದಲ್ಲಿದೆ: ಎಪಿಎಸ್-ಸಿಯನ್ನು ಮೆಟ್ಟಿಲಾಗಿ ನೋಡದೆ ಮನೆಯಾಗಿ ನೋಡಿದ ಕಂಪನಿ ಇದು. 2012ರಿಂದ ಈಚೆಗೆ ಆ ಗಾತ್ರಕ್ಕೆಂದೇ ಅಗಲದಿಂದ ಉದ್ದದವರೆಗೆ ಸಾಲು ಪೂರ್ತಿ ಮಾಡಿದೆ. 23, 35, 50 ಮಿ.ಮೀ. ಎಫ್/2 ಲೆನ್ಸ್‌ಗಳು ಒಂದೊಂದೂ 200 ಗ್ರಾಂ ಆಸುಪಾಸು, ಮೂರಕ್ಕೂ ಹವಾಮಾನ ರಕ್ಷಣೆ, ಮೂರಕ್ಕೂ ಅಪರ್ಚರ್ ರಿಂಗ್. ಬೆರಳಿನಲ್ಲೇ ಅಪರ್ಚರ್ ತಿರುಗಿಸುವ ಸುಖವನ್ನು ಸೌಲಭ್ಯಗಳ ಪಟ್ಟಿಯಲ್ಲಿ ಅಳೆಯಲಾಗದು, ಆದರೆ ಚಿತ್ರ ತೆಗೆಯುವ ರೀತಿಯನ್ನೇ ಅದು ತಿದ್ದುತ್ತದೆ. ಓಡುವ ವಸ್ತುಗಳ ಬೆನ್ನಟ್ಟುವ ಆಟೋಫೋಕಸ್‌ನಲ್ಲಿ ಸೋನಿ, ಕ್ಯಾನನ್‌ಗಳನ್ನು ಇದು ಇನ್ನೂ ಮುಟ್ಟಿಲ್ಲ ಎಂಬುದು ನನ್ನ ಅನಿಸಿಕೆ. ಮುಂದೊಂದು ದಿನ ಫುಲ್ ಫ್ರೇಮ್‌ಗೆ ಹೋಗಬೇಕು ಎಂಬ ಆಸೆ ಈಗಲೇ ಇದ್ದರೆ ಈ ದಾರಿ ಹಿಡಿಯಬೇಡಿ. ಇದೇ ಕಂಪನಿಯ ದೊಡ್ಡ ಸೆನ್ಸರ್‌ನ ಜಿಎಫ್‌ಎಕ್ಸ್ ಬೇರೆಯೇ ಮೌಂಟ್, ಲೆನ್ಸ್‌ಗಳು ಅದಲುಬದಲಾಗುವುದಿಲ್ಲ.

ಮೈಕ್ರೊ ಫೋರ್ ಥರ್ಡ್ಸ್ ಬಗ್ಗೆ ಅವಸರದ ತೀರ್ಪುಗಳೇ ಹೆಚ್ಚು. ಮಸುಕಾದ ಹಿನ್ನೆಲೆಯೇ ಗುರಿಯಾದವರಿಗೆ ಇದು ತಕ್ಕದ್ದಲ್ಲ, ಅದನ್ನು ಮೇಲೆಯೇ ಲೆಕ್ಕ ಹಾಕಿದ್ದೇವೆ. ಕೀಟ, ಹೂವು, ಹಕ್ಕಿ, ಬೆಟ್ಟದ ನಡಿಗೆ ಇವು ನಿಮ್ಮ ವಿಷಯವಾದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. 60 ಮಿ.ಮೀ. ಎಫ್/2.8 ಮ್ಯಾಕ್ರೊ 185 ಗ್ರಾಂ, 45 ಮಿ.ಮೀ. ಎಫ್/1.8 ಭಾವಚಿತ್ರ ಲೆನ್ಸ್ 116 ಗ್ರಾಂ, 12-40 ಮಿ.ಮೀ. ಎಫ್/2.8 ಮತ್ತು 40-150 ಮಿ.ಮೀ. ಎಫ್/4 ಎರಡನ್ನೂ ಸೇರಿಸಿದರೂ 800 ಗ್ರಾಂ ದಾಟುವುದಿಲ್ಲ, ಆ ಎರಡರಲ್ಲಿ ಫುಲ್ ಫ್ರೇಮ್ ಲೆಕ್ಕದ 24ರಿಂದ 300 ಮಿ.ಮೀ.ವರೆಗಿನ ನೋಟ ಸಿಗುತ್ತದೆ. ಬಾಡಿಯೊಳಗಿನ ಸ್ಟೆಬಿಲೈಸೇಷನ್ ಈ ವರ್ಗದಲ್ಲಿ ಬಹಳ ಪಕ್ವವಾಗಿದೆ, ಹಲವು ಚಿತ್ರಗಳನ್ನು ಸೇರಿಸಿ ಇಡೀ ಕೀಟವನ್ನು ಸ್ಪಷ್ಟವಾಗಿಸುವ ಫೋಕಸ್ ಸ್ಟ್ಯಾಕಿಂಗ್ ಕ್ಯಾಮೆರಾದೊಳಗೇ ನಡೆಯುತ್ತದೆ. ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನು 2021ರ ಜನವರಿಯಲ್ಲಿ ಓಎಂ ಡಿಜಿಟಲ್ ಸೊಲ್ಯೂಷನ್ಸ್‌ಗೆ ಒಪ್ಪಿಸಿದಾಗ ಹುಟ್ಟಿದ ಆತಂಕ ಸಹಜವಾದದ್ದೇ. ಆದರೆ ಈ ಮೌಂಟ್ ಒಂದೇ ಕಂಪನಿಯದಲ್ಲ. 2008ರಿಂದ ಪ್ಯಾನಸೋನಿಕ್ ಕೂಡ ಇದರ ಪಾಲುದಾರ, ಒಬ್ಬರ ಲೆನ್ಸ್ ಇನ್ನೊಬ್ಬರ ಬಾಡಿಗೆ ಕೂಡುತ್ತದೆ. ಸಾಲು ಬಹುಮಟ್ಟಿಗೆ ಪೂರ್ಣವಾಗಿರುವುದರಿಂದ ಬಳಸಿದ ಲೆನ್ಸ್‌ಗಳ ಮಾರುಕಟ್ಟೆಯೂ ಸಮೃದ್ಧವಾಗಿದೆ.

ಲೈಕಾ, ಪ್ಯಾನಸೋನಿಕ್, ಸಿಗ್ಮಾ 2018ರಲ್ಲಿ ಕೈಜೋಡಿಸಿದ ಎಲ್ ಮೌಂಟ್‌ನಲ್ಲಿ ಸಿಗ್ಮಾದ ಲೆನ್ಸ್‌ಗಳು ಹೊರಗಿನವಲ್ಲ, ಮನೆಯವೇ. ಅದು ದೊಡ್ಡ ಲಾಭ. ಪ್ಯಾನಸೋನಿಕ್‌ನ ಎಫ್/1.8 ಪ್ರೈಮ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ, ಒಂದೇ 67 ಮಿ.ಮೀ. ಫಿಲ್ಟರ್ ಅಳತೆ. ವಿಡಿಯೊ ಮಾಡುವವರಿಗೆ ಲೆನ್ಸ್ ಬದಲಿಸಿದಾಗಲೆಲ್ಲ ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಅನ್ನು ಹೊಸದಾಗಿ ಸಮತೋಲನಗೊಳಿಸುವ ಕೆಲಸ ಬಹಳ ಮಟ್ಟಿಗೆ ತಪ್ಪುತ್ತದೆ. 20-60 ಮಿ.ಮೀ. ಕಿಟ್ ಝೂಮ್ 20ರಿಂದಲೇ ಆರಂಭವಾಗುವುದು ಇನ್ನೊಂದು ಅನುಕೂಲ. ಪೆಂಟಾಕ್ಸ್‌ನ ಕೆ ಮೌಂಟ್ 1975ರಿಂದ ಬಾಳಿಬಂದಿದೆ. ಹಳೆಯ ಲೆನ್ಸ್‌ಗಳ ಪ್ರೀತಿ ಇರುವವರಿಗೆ, ಕನ್ನಡಿಯ ವ್ಯೂಫೈಂಡರ್ ಬೇಕೇಬೇಕು ಎನ್ನುವವರಿಗೆ ಅದು ಒಪ್ಪುತ್ತದೆ, ಉಳಿದವರಿಗೆ ಹೇಳಲಾರೆ.

ಆರಿಸುವ ಕ್ರಮವನ್ನು ಹೀಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಐದು ವರ್ಷಗಳಲ್ಲಿ ನಿಮಗೆ ನಿಜವಾಗಿ ಬೇಕಾಗುವ ಮೂರು ಲೆನ್ಸ್‌ಗಳನ್ನು ಕಾಗದದ ಮೇಲೆ ಬರೆಯಿರಿ. ನೋಟದ ಕೋನ, ಅಪರ್ಚರ್, ಎಷ್ಟು ಹತ್ತಿರದಿಂದ ಫೋಕಸ್ ಮಾಡಬೇಕು ಎಂಬುದೂ ಅದರಲ್ಲಿರಲಿ. ಆ ಮೂರಕ್ಕೂ ಪ್ರತಿ ವ್ಯವಸ್ಥೆಯಲ್ಲಿ ಸಮನಾದದ್ದನ್ನು ಹುಡುಕಿ, ಬೆಲೆ ಮತ್ತು ತೂಕವನ್ನು ಕೂಡಿಸಿ, ಆ ಮೊತ್ತಕ್ಕೆ ಕೊನೆಯಲ್ಲಿ ಬಾಡಿಯನ್ನು ಸೇರಿಸಿ. ಹೀಗೆ ಮಾಡಿದಾಗ ಕುಟುಂಬ, ಪ್ರವಾಸ, ಸಮಾರಂಭ ಎಲ್ಲವನ್ನೂ ಮಿತವಾದ ಹಣದಲ್ಲಿ ಮಾಡಬೇಕೆನ್ನುವವರಿಗೆ ಬಹುತೇಕ ಸೋನಿ ಇ ಮೌಂಟ್ ಮೇಲೆ ಬರುತ್ತದೆ. ಫುಲ್ ಫ್ರೇಮ್ ಪ್ರೈಮ್‌ಗಳನ್ನೂ ಉದ್ದ ಟೆಲಿಗಳನ್ನೂ ಮುಖ್ಯವಾಗಿ ಬಯಸುವವರಿಗೆ ನಿಕಾನ್ ಝಡ್, ಇಎಫ್ ಲೆನ್ಸ್‌ಗಳನ್ನು ಈಗಾಗಲೇ ಹೊಂದಿರುವವರಿಗೆ ಕ್ಯಾನನ್, ಚಿಕ್ಕ ಚೀಲದಲ್ಲಿ ಎರಡು ಮೂರು ಪ್ರೈಮ್‌ಗಳೊಂದಿಗೆ ಬೀದಿ ಸುತ್ತುವವರಿಗೆ ಫ್ಯೂಜಿಫಿಲ್ಮ್. ಬಾಡಿಯ ಮೇಲೆ ಹಾಕಿದ ಹಣಕ್ಕಿಂತ ಲೆನ್ಸ್‌ಗಳ ಮೇಲೆ ಹಾಕಿದ್ದು ಕಡಿಮೆಯಾಗಿದ್ದರೆ ಲೆಕ್ಕವನ್ನು ಇನ್ನೊಮ್ಮೆ ನೋಡುವುದು ಒಳಿತು.

ಬಳಸಿದ ಲೆನ್ಸ್ ಕೊಳ್ಳುವುದು ಈ ಮೌಲ್ಯವನ್ನು ಇನ್ನಷ್ಟು ಹೆಚ್ಚಿಸುತ್ತದೆ, ಪರೀಕ್ಷಿಸಿ ಕೊಂಡರೆ ಮಾತ್ರ. ಲೆನ್ಸಿನ ಹಿಂದಿನಿಂದ ಸಣ್ಣ ಟಾರ್ಚ್ ಬೆಳಕು ಹಾಯಿಸಿ ಮುಂದಿನಿಂದ ಓರೆಯಾಗಿ ನೋಡಿದರೆ ಬೇರಿನಂತೆ ಹರಡಿದ ಫಂಗಸ್, ತೆಳು ಮಂಜಿನ ಪೊರೆ ಎರಡೂ ಕಾಣುತ್ತವೆ. ಒಂದೆರಡು ಧೂಳಿನ ಕಣಗಳು ಚಿತ್ರದಲ್ಲಿ ಬರುವುದಿಲ್ಲ, ಅವಕ್ಕೆ ಹೆದರಬೇಕಿಲ್ಲ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಜಿನುಗಿದ್ದರೆ ಬೇಡ ಎನ್ನಿ. ಲೀನಿಯರ್ ಮೋಟಾರ್ ಇರುವ ಕೆಲವು ಹೊಸ ಲೆನ್ಸ್‌ಗಳನ್ನು ವಿದ್ಯುತ್ ಇಲ್ಲದಾಗ ಅಲುಗಿಸಿದರೆ ಒಳಗಿನ ಗಾಜಿನ ಗುಂಪು ಸಡಿಲವಾಗಿ ಸದ್ದು ಮಾಡುತ್ತದೆ. ಅದು ದೋಷವಲ್ಲ, ವಿನ್ಯಾಸವೇ ಹಾಗಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಗಾಜುಗಳ ಕೇಂದ್ರ ಸರಿದಿದೆಯೇ ಎಂಬ ಪರೀಕ್ಷೆ, ಇದನ್ನು ಹೊಸ ಲೆನ್ಸಿಗೂ ಮಾಡಬೇಕು: ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಸಮವಾಗಿ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು, ಬಹಳ ದೂರದ ಒಂದೇ ವಸ್ತುವನ್ನು ಚೌಕಟ್ಟಿನ ನಾಲ್ಕು ಮೂಲೆಗಳಲ್ಲೂ ಬರುವಂತೆ ನಾಲ್ಕು ಚಿತ್ರ ತೆಗೆದು, ಆ ಮೂಲೆಗಳನ್ನು ಪೂರ್ಣ ಗಾತ್ರದಲ್ಲಿ ಹೋಲಿಸಬೇಕು. ನಾಲ್ಕೂ ಒಂದೇ ಮಟ್ಟಿಗೆ ಮೃದುವಾಗಿದ್ದರೆ ಅದು ಆ ಲೆನ್ಸಿನ ಸ್ವಭಾವ. ಒಂದು ಬದಿ ಮಾತ್ರ ಸ್ಪಷ್ಟವಾಗಿ ಹಿಂದೆ ಬಿದ್ದಿದ್ದರೆ ಆ ಪ್ರತಿಯನ್ನು ಹಿಂದಿರುಗಿಸಿ ಬೇರೆಯದನ್ನು ಕೇಳಿ ಪಡೆಯಿರಿ.